ಮಳೆ ಹಿಡಿಯುವ ಮೊದಲು ಕಂಪ್ಯೂಟರ್‌ಗೂ ಒಂದು ತಟ್ಟಿ ಕಟ್ಟಿ

ಮೇ ತಿಂಗಳ ಕೊನೆಗೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಒಂದೇ ಗಡಿಬಿಡಿ. ಸೌದೆ ಒಳಗೆ ಬರಬೇಕು, ಒಡೆದ ಹೆಂಚು ಬದಲಾಗಬೇಕು, ಹಪ್ಪಳ ಡಬ್ಬಿ ಸೇರಬೇಕು, ಗಾಳಿಮಳೆ ಹೊಡೆಯುವ ಕಡೆಗೆ ಮಡಲಿನ ತಟ್ಟಿಯೋ ಪ್ಲಾಸ್ಟಿಕ್ ಹಾಳೆಯೋ ಏಳಬೇಕು. ಮೂಲೆಯಲ್ಲಿ ಕೂತ ಕಂಪ್ಯೂಟರ್ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಜುಲೈ ನಡುವೆ ಒಂದು ದಿನ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ: "ವೈರಸ್ ಬಂತಾ?"

ನಾನು ಹುಟ್ಟಿದ್ದು ಶಿರಸಿ ಕಡೆಯ ಹಳ್ಳಿಯಲ್ಲಿ. ಕೆಲಸಕ್ಕೆ ಅಂತ ಘಟ್ಟ ಇಳಿದು ಕಾರವಾರ ಸೇರಿ ಹದಿನೈದು ಮಳೆಗಾಲ ಕಳೆಯಿತು. ಕಂಪ್ಯೂಟರ್ ಬಿಚ್ಚುವುದು ನನ್ನ ಹೊಟ್ಟೆಪಾಡಲ್ಲ, ಬರೀ ಹುಚ್ಚು. ಮಳೆಗಾಲದಲ್ಲಿ ನನ್ನ ಕೈಗೆ ಬಂದ ಕೆಟ್ಟ ಮಷಿನ್‌ಗಳಲ್ಲಿ ವೈರಸ್ ಇದ್ದದ್ದು ಕಡಿಮೆ. ಜಾಸ್ತಿ ಇದ್ದದ್ದು ತೇವ, ಉಪ್ಪು, ಸಿಡಿಲು. ಶಿರಸಿಯಲ್ಲಿ ತೇವ ಒಂದೇ. ಅಲ್ಲಿ ಕೀಬೋರ್ಡ್ ಮೇಲೂ ಬೂಸ್ಟು ಬರುತ್ತದೆ, ಒರೆಸಿದರೆ ಹೋಗುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ತೇವದ ಜೊತೆಗೆ ಉಪ್ಪೂ ಇದೆ.

ಅಡುಗೆಮನೆಯ ಉಪ್ಪಿನ ಭರಣಿಯನ್ನು ಆಷಾಢದಲ್ಲಿ ನೋಡಿದ್ದೀರಲ್ಲ, ತಾನೇ ನೀರು ಬಿಟ್ಟುಕೊಂಡು ಕೂತಿರುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ನೀರು ಎಳೆದುಕೊಂಡು ಕರಗಲು ಶುರುಮಾಡುತ್ತದೆ. ಮಳೆಗಾಲದ ಕರಾವಳಿಯಲ್ಲಿ 75 ದಾಟದ ದಿನವೇ ಅಪರೂಪ. ಸಮುದ್ರದ ಗಾಳಿ ತಂದ ಉಪ್ಪು ಬೇಸಿಗೆಯಲ್ಲಿ ಧೂಳಿನ ಜೊತೆ, ಕಂಪ್ಯೂಟರ್‌ನ ಬಿಡಿಭಾಗಗಳೆಲ್ಲ ಸೇರುವ ಮುಖ್ಯ ಹಲಗೆಯಾದ ಮದರ್‌ಬೋರ್ಡ್ ಮೇಲೆ ಸುಮ್ಮನೆ ಕೂತಿರುತ್ತದೆ, ಏನೂ ಮಾಡುವುದಿಲ್ಲ. ಜೂನ್ ಬಂದ ಕೂಡಲೇ ಅದೇ ಧೂಳು ಒದ್ದೆಯಾಗಿ, ಕರೆಂಟು ಹರಿಯುವ ತೆಳು ಪದರವಾಗುತ್ತದೆ. ಹಾಗಾಗಿ ಧೂಳು ತೆಗೆಯುವ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಒಂದು ಭಾನುವಾರ ಸಾಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಮಾತ್ರ ತಪ್ಪಿಸಬೇಡಿ.

ಮೊದಲು ನಕಲು, ಆಮೇಲೆ ಸ್ಕ್ರೂಡ್ರೈವರ್

ಹಳೆಯ ಹಾರ್ಡ್ ಡಿಸ್ಕ್ ಇರುವ ಮಷಿನ್ ಎತ್ತಿ, ಬಗ್ಗಿಸಿ, ಬಿಚ್ಚುವ ಮೊದಲು ಡಿಸ್ಕ್ ಹೇಗಿದೆ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ತೆರೆದರೆ ಡಿಸ್ಕ್‌ನ ಆರೋಗ್ಯ ಒಂದೇ ಪರದೆಯಲ್ಲಿ ಕಾಣುತ್ತದೆ. ನೀಲಿ ಬಣ್ಣ ಇದ್ದರೆ ಸದ್ಯಕ್ಕೆ ಚಿಂತೆ ಇಲ್ಲ. ಹಳದಿ ಇದ್ದರೆ ಪಟ್ಟಿಯಲ್ಲಿ 05 ಮತ್ತು ಸಿ5 ಅನ್ನುವ ಸಾಲುಗಳನ್ನು ಹುಡುಕಿ. 05 ಅಂದರೆ ಡಿಸ್ಕ್ ಕೆಟ್ಟ ಜಾಗ ಬಿಟ್ಟು ಬೇರೆ ಜಾಗಕ್ಕೆ ಹೋದ ಲೆಕ್ಕ. ಸಿ5 ಅಂದರೆ ಓದಲು ಆಗದೆ ಪರದಾಡುತ್ತಿರುವ ಜಾಗದ ಲೆಕ್ಕ. ಈ ಅಂಕಿಗಳು ಏರುತ್ತಿದ್ದರೆ ಬೇರೆಲ್ಲ ಕೆಲಸ ಬಿಟ್ಟು, ಅವತ್ತೇ ಫೈಲುಗಳನ್ನು ಹೊರಗೆ ತೆಗೆಯಿರಿ.

ಇಡೀ ಡಿಸ್ಕ್ ನಕಲು ಮಾಡುವ ಹಟ ಬೇಡ. ಸಿನಿಮಾ ಮತ್ತೆ ಸಿಗುತ್ತದೆ. ಸಿಗದೇ ಇರುವುದು ಮಕ್ಕಳ ಫೋಟೋ, ಪಹಣಿ ಮತ್ತು ಕಾಗದಪತ್ರಗಳ ಸ್ಕ್ಯಾನ್, ಅಡಿಕೆ ಲೆಕ್ಕ, ಟ್ಯಾಲಿ ಬ್ಯಾಕಪ್. ಇದರ ಜೊತೆಗೆ ಕನ್ನಡದವರು ಮರೆಯುವ ಒಂದು ಸಂಗತಿ ಇದೆ: ನುಡಿ ಅಥವಾ ಬರಹ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ಗಳು. ಎಲ್ಲ ಕಂಪ್ಯೂಟರ್‌ಗೂ ಗೊತ್ತಿರುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ಗೆ ಮೊದಲಿನ ನುಡಿ ಫೈಲುಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಊರಿನ ದೇವಸ್ಥಾನದ ಹತ್ತು ವರ್ಷದ ಠರಾವುಗಳು ಹೀಗೆ ಕಂಡು, ವೈರಸ್ ಎಲ್ಲ ತಿಂದುಹಾಕಿತು ಅಂತ ನಮ್ಮ ಅಪ್ಪಯ್ಯ ಎರಡು ದಿನ ಊಟ ಬಿಟ್ಟಂತೆ ಕೂತಿದ್ದರು. ಫಾಂಟ್ ಹಾಕಿದ ಮೇಲೆ ಎಲ್ಲವೂ ಇದ್ದಲ್ಲೇ ಇತ್ತು. ಆದ್ದರಿಂದ ಫಾಂಟ್ ಫೈಲುಗಳನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ. ಪುರುಸೊತ್ತು ಆದಾಗ ಮುಖ್ಯವಾದ ಬರಹಗಳನ್ನು ಕನ್ವರ್ಟರ್ ಹಾಕಿ ಯೂನಿಕೋಡ್‌ಗೆ ಬದಲಿಸಿಬಿಡಿ.

ನಕಲು ಎಷ್ಟು ಬೇಕು? ತಿಳಿದವರು 3-2-1 ಅನ್ನುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ನನ್ನ ಲೆಕ್ಕದಲ್ಲಿ ಒಂದು ಕಂಪ್ಯೂಟರ್‌ನಲ್ಲಿದೆ, ಒಂದು ಬಾಹ್ಯ ಹಾರ್ಡ್ ಡಿಸ್ಕ್‌ನಲ್ಲಿದೆ, ಮೂರನೆಯದು ಘಟ್ಟದ ಮೇಲೆ ಅಕ್ಕನ ಮನೆಯ ಕಪಾಟಿನಲ್ಲಿದೆ. ಹಬ್ಬಕ್ಕೆ ಹೋದಾಗ ಅದನ್ನು ಬದಲಿಸಿ ಬರುತ್ತೇನೆ. ಮನೆಯಲ್ಲಿ ಒಳ್ಳೆಯ ಇಂಟರ್ನೆಟ್ ಇದ್ದರೆ ಕ್ಲೌಡ್ ಕೂಡ ಆದೀತು. ಪೆನ್ ಡ್ರೈವ್ ಅನ್ನು ಮಾತ್ರ ತಿಜೋರಿ ಅಂದುಕೊಳ್ಳಬೇಡಿ. ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯನ್ನೂ ಕರೆಂಟು ಕೊಡದೆ ವರ್ಷಗಟ್ಟಲೆ ಅಟ್ಟದಲ್ಲಿ ಇಡಬೇಡಿ. ಮಾಮೂಲಿ ಎಸ್‌ಎಸ್‌ಡಿಗೆ ಇರುವ ಮಾನದಂಡದ ಪ್ರಕಾರ, ಪೂರ್ತಿ ಸವೆದ ಮೇಲೆ 30 ಡಿಗ್ರಿ ಬಿಸಿಯಲ್ಲಿ ಕರೆಂಟಿಲ್ಲದೆ ಅದು ಮಾಹಿತಿ ಹಿಡಿದಿಡಬೇಕಾದದ್ದು ಒಂದೇ ವರ್ಷ. ಹೊಸದರಲ್ಲಿ ಇದಕ್ಕಿಂತ ಜಾಸ್ತಿ ಬಾಳುತ್ತದೆ, ಆದರೆ ಎತ್ತಿಡುವ ಪ್ರತಿಗೆ ನನ್ನ ಆಯ್ಕೆ ಈಗಲೂ ತಿರುಗುವ ಹಾರ್ಡ್ ಡಿಸ್ಕೇ.

ನಕಲು ಆದ ಮೇಲೆ ಡಿಸ್ಕ್ ಕಳಚಿಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಜಗತ್ತಿನ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತಲ್ಲ, ಅಂಥವು ಚುಚ್ಚಿಕೊಂಡೇ ಇರುವ ಬ್ಯಾಕಪ್ ಡಿಸ್ಕ್‌ಗೂ ಬೀಗ ಹಾಕುತ್ತವೆ. ಅಂದಹಾಗೆ ಆ ತೂತು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. "ಆಮೇಲೆ ನೆನಪಿಸು" ಬಟನ್ ಒತ್ತಿ ಕೂತವರು ಸಿಕ್ಕಿಬಿದ್ದರು.

ಕೊನೆಗೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ಗೆ ಚುಚ್ಚಿ ಐದು ಫೈಲು ತೆರೆದು ನೋಡಿ. ತೆರೆದು ನೋಡದ ನಕಲನ್ನು ನಾನು ನಕಲು ಅನ್ನುವುದಿಲ್ಲ.

ಮೂರನೇ ಪಿನ್

ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯಾ? "ಅದು ಯಾವಾಗಲೂ ಹಾಗೇ" ಅಂತ ಬಿಟ್ಟುಬಿಡಬೇಡಿ. ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟು ಕೊಡುವ ಡಬ್ಬಿ) ಒಳಗೆ ಕರೆಂಟಿನ ಗಲಾಟೆ ಸೋಸಲು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ ಮೈಗೆ ಬಂದಿರುತ್ತವೆ. ಪ್ಲಗ್‌ನ ಮೂರನೇ ಪಿನ್‌ಗೆ ಅರ್ಥಿಂಗ್ ಸರಿ ಇದ್ದರೆ ಸೋರಿದ್ದೆಲ್ಲ ಭೂಮಿಗೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧಕ್ಕೆ, ಅಂದರೆ 115 ವೋಲ್ಟ್ ಆಸುಪಾಸಿಗೆ ತೇಲುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಜುಮ್ ಅಷ್ಟೇ. ಆದರೆ ಹಾಗೆ ತೇಲುತ್ತಿರುವ ಮಷಿನ್‌ಗೆ ಟಿವಿಯ ಎಚ್‌ಡಿಎಂಐ ಕೇಬಲ್ ಚುಚ್ಚಿದಾಗ ಪೋರ್ಟ್ ಸುಟ್ಟುಹೋಗಬಹುದು.

ಪರೀಕ್ಷೆ ಸುಲಭ, ಆದರೆ ಅಭ್ಯಾಸ ಇಲ್ಲದಿದ್ದರೆ ವೈರ್‌ಮನ್ ಕರೆಸಿ. ಮಲ್ಟಿಮೀಟರ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಹತ್ತಿರ ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿರಬೇಕು. ಜಾಸ್ತಿ ಇದ್ದರೆ ಅಂಗಳದ ಅರ್ಥಿಂಗ್ ಗುಂಡಿ ನೋಡಿ. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟು ಹೀರುವುದೇ ಇಲ್ಲ, ಆಗಾಗ ನೀರು ಹಾಕಬೇಕು. ಸಮುದ್ರದ ಬದಿಯವರಾದರೆ ಗುಂಡಿಯ ನಟ್ಟು ಬೋಲ್ಟನ್ನೂ ನೋಡಿ. ಹೊರಗೆ ತಂತಿ ಚಂದ ಕಾಣುತ್ತದೆ, ನಟ್ಟು ತುಕ್ಕು ಹಿಡಿದು ಉದುರಿರುತ್ತದೆ.

ಇನ್ನು ಸಿಡಿಲು. ನಮ್ಮಲ್ಲಿ ಗುಡುಗು ಮಿಂಚಿನ ಕಾಟ ಜುಲೈಗಿಂತ ಮಳೆಗಾಲದ ಎರಡು ತುದಿಗಳಲ್ಲಿ ಜಾಸ್ತಿ: ಏಪ್ರಿಲ್, ಮೇ ಒಂದು ಕಡೆ, ಅಕ್ಟೋಬರ್ ಆಚೆ ಕಡೆ. ನಾನು ಪಾಠ ಕಲಿತದ್ದು ಒಂದು ಅಕ್ಟೋಬರ್ ಸಂಜೆ. ಗುಡುಗಿದ ಕೂಡಲೇ ಜಾಣನ ಹಾಗೆ ಕಂಪ್ಯೂಟರ್‌ನ ಪ್ಲಗ್ ಕಿತ್ತಿಟ್ಟೆ, ಚಹಾ ಕುಡಿಯುತ್ತಾ ಮಳೆ ನೋಡಿದೆ. ಮರುದಿನ ಮದರ್‌ಬೋರ್ಡ್‌ನ ಲ್ಯಾನ್ ಪೋರ್ಟ್ ಸತ್ತಿತ್ತು. ರೂಟರ್‌ನಿಂದ ಬರುವ ಲ್ಯಾನ್ ಕೇಬಲ್ ಹಾಗೇ ಇತ್ತಲ್ಲ! ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಸಿಡಿಲಿನ ಕರೆಂಟು ಬರುವುದಿಲ್ಲ, ನಿಜ. ಆದರೆ ಫೈಬರ್ ಬಂದು ಸೇರುವ ಡಬ್ಬಿಗೆ ಕರೆಂಟಿನ ಅಡಾಪ್ಟರ್ ಇದೆ, ಅಲ್ಲಿಂದ ಕಂಪ್ಯೂಟರ್‌ಗೆ ತಾಮ್ರದ ಲ್ಯಾನ್ ವೈರ್ ಇದೆ. ದಾರಿ ಅಷ್ಟು ಸಾಕು. ಗುಡುಗು ಕೇಳಿದರೆ ಕರೆಂಟಿನ ಪ್ಲಗ್, ಲ್ಯಾನ್ ವೈರ್ ಎರಡನ್ನೂ ಕೀಳಿ. ಕೇಬಲ್ ಟಿವಿಯ ವೈರ್ ಕಂಪ್ಯೂಟರ್‌ಗೆ ಸೇರಿದ್ದರೆ ಅದನ್ನೂ ಕೀಳಿ.

ಸ್ಪೈಕ್ ಗಾರ್ಡ್ ಬಗ್ಗೆ ಒಂದು ಮಾತು. ಸಾಲಾಗಿ ಸಾಕೆಟ್ ಇರುವ ಅಗ್ಗದ ಬೋರ್ಡುಗಳೆಲ್ಲ ಸ್ಪೈಕ್ ಗಾರ್ಡ್ ಅಲ್ಲ. ಒಳಗೆ ಎಂಒವಿ ಅನ್ನುವ ಬಿಲ್ಲೆ ಇದ್ದರೆ ಮಾತ್ರ ಅದು ಹೊಡೆತ ತಡೆಯುತ್ತದೆ. ಆ ಬಿಲ್ಲೆ ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ. ನೇರ ಸಿಡಿಲಿಗೆ ಅದು ಯಾವ ಲೆಕ್ಕಕ್ಕೂ ಇಲ್ಲ.

ಬಿಚ್ಚುವುದು

ಶಟ್‌ಡೌನ್ ಮಾಡಿ, ವೈರ್ ಎಲ್ಲ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಲೇಬೇಡಿ. ಅದರ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ದಾಟಿದ ಕರೆಂಟು ಉಳಿದಿರಬಹುದು. ಕ್ಯಾಬಿನೆಟ್ ಬದಿ ತೆಗೆದ ಕೂಡಲೇ ಮೊಬೈಲ್‌ನಲ್ಲಿ ನಾಲ್ಕು ಫೋಟೋ ತೆಗೆಯಿರಿ. ವೈರ್ ಎಲ್ಲಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ.

ಸಾಮಾನು ಜಾಸ್ತಿ ಬೇಡ. ಪೇಂಟ್ ಹಚ್ಚುವ ಒಂದು ಇಂಚಿನ ಹೊಸ ಬ್ರಷ್, ಗಾಳಿ ಊದುವ ಬ್ಲೋವರ್, ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲ್, ಹಳೆಯ ಮೆತ್ತಗಿನ ಹತ್ತಿ ಬಟ್ಟೆ. ಕೆಲಸ ಜಗಲಿಯಲ್ಲಿ ಮಾಡಿ, ಇಲ್ಲದಿದ್ದರೆ ಆ ಧೂಳೆಲ್ಲ ಮತ್ತೆ ಮಂಚದಡಿ ಸೇರುತ್ತದೆ. ಬ್ರಷ್‌ನಿಂದ ಸಡಿಲಿಸಿ, ಆಮೇಲೆ ಊದಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಗಿರ್ರನೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಅಂಟಿಕೊಂಡ ಧೂಳಿಗೆ ಆಲ್ಕೋಹಾಲ್ ಅದ್ದಿದ ಬ್ರಷ್. ಬೈಕಿಗೆ ಹೊಡೆಯುವ ತುಕ್ಕಿನ ಸ್ಪ್ರೇ ತಂದು ಮದರ್‌ಬೋರ್ಡ್‌ಗೆ ಹೊಡೆದವರನ್ನು ನೋಡಿದ್ದೇನೆ. ದಮ್ಮಯ್ಯ, ಅದನ್ನು ಮಾಡಬೇಡಿ. ಎಣ್ಣೆ ಪಸೆಗೆ ಮುಂದಿನ ವರ್ಷದ ಧೂಳು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ಆಮೇಲೆ ರ‍್ಯಾಮ್. ಫ್ಯಾನ್ ತಿರುಗಿಯೂ ಪರದೆ ಕಪ್ಪಗಿರುವ ಕಾಯಿಲೆಗೆ ನಮ್ಮ ಕಡೆ ಮೊದಲು ಅನುಮಾನ ಪಡಬೇಕಾದದ್ದು ಮದರ್‌ಬೋರ್ಡ್‌ಗೆ ಚುಚ್ಚಿದ ಈ ನೆನಪಿನ ಪಟ್ಟಿಯನ್ನೇ. ಎರಡು ಬದಿಯ ಕ್ಲಿಪ್ ಸರಿಸಿ ಹೊರತೆಗೆಯಿರಿ, ಅಂಚಿನಲ್ಲಿ ಮಾತ್ರ ಹಿಡಿಯಿರಿ. ಹಳದಿ ಹಲ್ಲುಗಳು ಹೊಳೆಯಬೇಕು. ಮಂಕಾಗಿದ್ದರೆ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಶಾಲೆಯ ರಬ್ಬರ್ ಉಜ್ಜುವ ಪದ್ಧತಿಯೂ ಇದೆ. ಅದನ್ನು ನಾನು ಕಪ್ಪು ಕಲೆ ಹೋಗದಿದ್ದರೆ ಮಾತ್ರ ಮಾಡುತ್ತೇನೆ, ಅದರ ಪುಡಿ ಸ್ಲಾಟ್ ಒಳಗೆ ಬೀಳದ ಹಾಗೆ ದೂರ ನಿಂತು. ಮದರ್‌ಬೋರ್ಡ್‌ನಲ್ಲಿ ಎಲ್ಲಾದರೂ ಹಿತ್ತಾಳೆ ದೀಪಕ್ಕೆ ಹತ್ತುವಂಥ ಹಸಿರು ಕಿಲುಬು ಕಂಡರೆ ಆಲ್ಕೋಹಾಲ್ ಹಾಕಿ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಲು ಬಿಡಿ.

ಅಲ್ಲೇ ಪಕ್ಕದಲ್ಲಿ ನಾಣ್ಯದ ಹಾಗೆ ಒಂದು ಸೆಲ್ ಇದೆ, ಸಿಆರ್2032. ಹೊಸದರಲ್ಲಿ 3 ವೋಲ್ಟ್. ಅದು ಸತ್ತರೆ ಕಂಪ್ಯೂಟರ್‌ನ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಾದರೆ ಬ್ಯಾಂಕಿನ ತಾಣವೂ "ಸುರಕ್ಷಿತವಲ್ಲ" ಅಂತ ಹೆದರಿಸುತ್ತದೆ, ನೀವು ಮತ್ತೆ ವೈರಸ್ ಅನ್ನುತ್ತೀರಿ. ಕಡಿಮೆ ದುಡ್ಡಿನ ಸೆಲ್, ಬದಲಿಸಿಬಿಡಿ.

ಹಿಂಬದಿಯ ಖಾಲಿ ಸ್ಲಾಟ್‌ಗಳಿಗೆ ತಗಡಿನ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಹಲ್ಲಿಗೆ ಅದು ಹೆರಿಗೆ ಮನೆ. ಬೆಚ್ಚಗೆ, ಕತ್ತಲು, ಬೆಕ್ಕಿನ ಕಾಟವಿಲ್ಲ. ನಾನು ಒಮ್ಮೆ ಗ್ರಾಫಿಕ್ಸ್ ಕಾರ್ಡ್ ಕೆಳಗೆ ನಾಲ್ಕು ಮೊಟ್ಟೆ ಕಂಡು, ಅವನ್ನು ಕಾಗದದ ಮೇಲೆ ಎತ್ತಿ ಹಿತ್ತಲಿಗೆ ಸಾಗಿಸಿದ್ದೆ. ಪಟ್ಟಿ ಸಿಗದಿದ್ದರೆ ಸೊಳ್ಳೆ ಪರದೆಯ ತುಂಡು ಅಂಟಿಸಿ.

ವಿಂಡೋಸ್ 10ರಲ್ಲೇ ಇರುವವರಿಗೆ

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆಯವರು ಹೆಸರು ಸೇರಿಸಿಕೊಂಡರೆ ಸಿಗುವ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಮೊದಲು ಇಟ್ಟ ಗಡುವು 2026ರ ಅಕ್ಟೋಬರ್ 13. ವಿಂಡೋಸ್ 11ಕ್ಕೆ ಟಿಪಿಎಂ 2.0 (ಬೀಗದ ಕೀಲಿ ಕಾಯುವ ಚಿಪ್), ಸೆಕ್ಯೂರ್ ಬೂಟ್ (ಆನ್ ಆಗುವಾಗ ಕಳ್ಳ ಸಾಫ್ಟ್‌ವೇರ್ ತಡೆಯುವ ವ್ಯವಸ್ಥೆ), ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಇದ್ದರೆ ಏರಿಸಿ. ಇಲ್ಲದ ಹಳೆಯ ಮಷಿನ್ ಬಿಸಾಡುವ ಅಗತ್ಯವಿಲ್ಲ.

ಹಾರ್ಡ್ ಡಿಸ್ಕ್ ಜಾಗಕ್ಕೆ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ. ಹಳೆಯ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ ಇದು 550ರ ತನಕ ಓದುತ್ತದೆ. ಚೂರುಚೂರು ಫೈಲುಗಳಲ್ಲಂತೂ ಹೋಲಿಕೆಯೇ ಇಲ್ಲ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ. 4 ಜಿಬಿ ರ‍್ಯಾಮ್ ಇದ್ದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಸಲೀಸಾಗಿ ಓಡುತ್ತದೆ. ಪೆನ್ ಡ್ರೈವ್‌ಗೆ ಬರೆದುಕೊಂಡು, ಏನೂ ಅಳಿಸದೆ ಅದರಿಂದಲೇ ನಡೆಸಿ ನೋಡಬಹುದು. ವೈಫೈ, ಪ್ರಿಂಟರ್ ಎಲ್ಲ ಹಿಡಿದರೆ ಆಮೇಲೆ ಒಳಗೆ ಹಾಕಿ. ಕನ್ನಡಕ್ಕೆ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಇದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಅದೇ ಅಭ್ಯಾಸ. ಟ್ಯಾಲಿ, ಡಿಜಿಟಲ್ ಸಹಿಯ ಡಾಂಗಲ್ ನಂಬಿಕೊಂಡವರು ಮಾತ್ರ ವಿಂಡೋಸ್ ಬಿಡುವ ಮೊದಲು ಎರಡು ಸಲ ಯೋಚಿಸಿ.

ಬಿಡಿಭಾಗ ಬೇಕಿದ್ದರೆ ಮೇ ತಿಂಗಳಲ್ಲೇ ತರಿಸಿಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದ ಆ ದಿನಗಳಲ್ಲಿ ಹೆದ್ದಾರಿ ಬಂದಾಗಿತ್ತು. ಪಾರ್ಸಲ್ ಬಗ್ಗೆ ಕೇಳಲು ನಾಚಿಕೆಯಾಗುವ ಹೊತ್ತು ಅದು. ಮಳೆಗಾಲದಲ್ಲಿ ನಮ್ಮ ರಸ್ತೆಗಳನ್ನು ನಂಬಿ ಕೂರಬಾರದು.

ಬೀಗ ಮತ್ತು ಕೀಲಿಕೈ

ಪಕ್ಕದ ಮನೆಯ ಮಾಸ್ತರರ ಲ್ಯಾಪ್‌ಟಾಪ್ ತೇವಕ್ಕೆ ಕೆಟ್ಟಿತು. ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ ಕೊಟ್ಟರು. ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ, ರಿಕವರಿ ಕೀ ಕೊಡಿ ಅನ್ನುತ್ತದೆ.

"ಮಾಸ್ತರೇ, 48 ಅಂಕಿ ಎಲ್ಲಾದರೂ ಬರೆದಿಟ್ಟಿದ್ದೀರಾ?"

"ಯಾವ 48 ಅಂಕಿ ಮಾರಾಯಾ? ನಾನು ಬೀಗವೇ ಹಾಕಿಲ್ಲ."

ಹಾಕಿದ್ದು ವಿಂಡೋಸ್. ಹೊಸ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಡಿಸ್ಕ್‌ಗೆ ತಾನಾಗಿ ಬೀಗ ಬೀಳುವುದು ಈಗ ಮಾಮೂಲು. ಕೀಲಿ ಮದರ್‌ಬೋರ್ಡ್‌ನ ಟಿಪಿಎಂನಲ್ಲಿರುತ್ತದೆ. ಬೋರ್ಡ್ ಹೋದರೆ ಕೀಲಿಯೂ ಹೋಯಿತು. ಅದರ ಪ್ರತಿ ಆ ಖಾತೆಯಲ್ಲಿ ಇರುತ್ತದೆ, ಆದರೆ ಖಾತೆಯ ಪಾಸ್‌ವರ್ಡ್ ಮಾಸ್ತರರ ಮಗ ಹಾಕಿಕೊಟ್ಟದ್ದು, ಅವನು ದುಬೈಯಲ್ಲಿ. ಮೂರು ದಿನ ಹಿಡಿಯಿತು. ಬೀಗ ಒಳ್ಳೆಯದೇ, ಕಳ್ಳನ ಕೈಗೆ ಲ್ಯಾಪ್‌ಟಾಪ್ ಸಿಕ್ಕಿದರೂ ಫೈಲು ಸಿಗುವುದಿಲ್ಲ. ಆ 48 ಅಂಕಿಯನ್ನು ಇವತ್ತೇ ಖಾತೆಯಿಂದ ತೆಗೆದು ಕಾಗದದಲ್ಲಿ ಬರೆದು, ಮನೆಯ ಕಾಗದಪತ್ರದ ಫೈಲಿನಲ್ಲಿ ಇಡಿ.

ಆಂಟಿವೈರಸ್ ಕೊಳ್ಳಬೇಕಾ ಅಂತ ಕೇಳುವವರಿಗೆ: ಮನೆ ಬಳಕೆಗೆ ವಿಂಡೋಸ್‌ನ ಡಿಫೆಂಡರ್ ಸಾಕು, ಅಪ್‌ಡೇಟ್ ಆಗುತ್ತಿರಬೇಕು ಅಷ್ಟೇ. ಅದಕ್ಕಿಂತ ಲಾಭ ಇನ್ನೊಂದರಲ್ಲಿದೆ. ದಿನಬಳಕೆಗೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆ ಮಾಡಿಕೊಳ್ಳಿ. ಮಕ್ಕಳು ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ, ನಿಮ್ಮನ್ನು ಕರೆಯುತ್ತಾರೆ. ಝೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್ ಡ್ರೈವ್ ಬೇರೆಯೇ ಇರಲಿ, ಅದರಲ್ಲಿ ಪ್ರಿಂಟ್ ತೆಗೆಯುವ ಪಿಡಿಎಫ್ ಬಿಟ್ಟು ಬೇರೇನೂ ಬೇಡ. ತಿರುಗಿ ಬಂದಾಗ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಕ್ಲಿಕ್ ಮಾಡದೆ ಫಾರ್ಮ್ಯಾಟ್ ಹೊಡೆಯಿರಿ.

ಮಳೆಗಾಲಕ್ಕೆ ಹೇಳಿಮಾಡಿಸಿದ ಮೋಸ ಒಂದಿದೆ. "ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಕರೆಂಟು ಕಟ್, ಈ ನಂಬರಿಗೆ ಫೋನ್ ಮಾಡಿ" ಅನ್ನುವ ಮೆಸೇಜು. ಗಾಳಿಗೆ ಹೇಗೂ ಕರೆಂಟು ಹೋಗಿರುತ್ತದೆ, ನಂಬಿಕೆ ಬರುತ್ತದೆ. ಫೋನ್ ಮಾಡಿದರೆ ಪರದೆ ತೋರಿಸುವ ಆ್ಯಪ್ ಹಾಕಿಸಿ ಖಾತೆ ಗುಡಿಸುತ್ತಾರೆ. ಹಣ ಹೋದರೆ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಕೈತಪ್ಪುತ್ತದೆ.

ಜೂನ್ ಬಂದ ಮೇಲೆ

ಗುಡುಗು ಇಲ್ಲದ ದಿನ ಕಂಪ್ಯೂಟರನ್ನು ಅರ್ಧ ಗಂಟೆಯಾದರೂ ನಡೆಸಿ. ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ರಜೆ ಅಂತ ತಿಂಗಳು ಮುಚ್ಚಿಟ್ಟ ಮಷಿನ್‌ಗಳೇ ಜಾಸ್ತಿ ಕೆಡುವುದು. ಕ್ಯಾಬಿನೆಟ್ ನೆಲದ ಮೇಲೆ ಬೇಡ, ಬೆವರುವ ಗೋಡೆಗೆ ತಾಗಿಸಿಯೂ ಬೇಡ, ಒಂದು ಗೇಣು ಬಿಡಿ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಹೊದಿಸಬೇಡಿ. ಬ್ಯಾಕಪ್ ಡಿಸ್ಕ್ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇರಲಿ. ಬಣ್ಣ ಬದಲಾಗುವ ಕಿತ್ತಳೆ ಹರಳು ತನ್ನಿ. ಹಸಿರಾದರೆ ನೀರು ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ.

ಇಷ್ಟಾದ ಮೇಲೂ ಮಾಡು ಸೋರಿ ನೀರು ಬಿದ್ದರೆ, ಆನ್ ಆಗುತ್ತದಾ ಅಂತ ನೋಡುವ ಚಪಲ ಬೇಡ. ಕೆಡಿಸುವುದು ನೀರು ಮತ್ತು ಕರೆಂಟು ಒಟ್ಟಿಗೆ ಸೇರಿದಾಗ. ಮೇನ್ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ, ಲ್ಯಾಪ್‌ಟಾಪ್ ಆದರೆ ಬ್ಯಾಟರಿಯನ್ನೂ ಕಳಚಿ, ಫ್ಯಾನ್ ಕೆಳಗೆ ಎರಡು ಮೂರು ದಿನ ಬಿಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ. ಬಚ್ಚಲ ಒಲೆಯ ಪಕ್ಕ ಇಟ್ಟರೆ ಪ್ಲಾಸ್ಟಿಕ್ ಬಾಗುತ್ತದೆ. ಅಳಿವೆಯ ಉಪ್ಪು ನೀರು ನುಗ್ಗಿದ್ದರೆ ಒಣಗಿಸಿದ ಮಾತ್ರಕ್ಕೆ ಆಗುವುದಿಲ್ಲ, ನೀರು ಆರಿದರೂ ಉಪ್ಪು ಅಲ್ಲೇ ಕೂತಿರುತ್ತದೆ. ಬೋರ್ಡ್ ಬಿಚ್ಚಿ ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಆಲ್ಕೋಹಾಲ್ ಹಾಕಿ ತೊಳೆಯಬೇಕು. ಅದನ್ನು ರಿಪೇರಿ ಬಲ್ಲವರ ಕೈಯಲ್ಲೇ ಮಾಡಿಸಿ, ಆದಷ್ಟು ಅದೇ ದಿನ.